ಹೊಲಿದಿಟ್ಟ ಕೊನೆಯ ಅಧ್ಯಾಯ

ಮಾಮುವಿನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಯಾವ ಕಾಲದಲ್ಲೋ ಸುತ್ತಿಗೆಯ ಏಟು ಬಿದ್ದದ್ದು, ಆಮೇಲೆ ಅದು ಒಂದಾಗಿ ಬೆಳೆಯಲೇ ಇಲ್ಲ. ಆ ಬೆರಳಿನಿಂದಲೇ ಆಟೋ ಸೀಟಿನ ರೆಕ್ಸಿನ್ ಒತ್ತಿ ಹಿಡಿದು ಮೊಳೆ ಹೊಡೆಯುತ್ತಿದ್ದರು, ಆ ಬೆರಳಿನಿಂದಲೇ ವಿಡಿಯೋ ಗೇಮಿನ ಗುಂಡಿ ಒತ್ತುತ್ತಿದ್ದರು, ಅದಕ್ಕೇ ಎಂಜಲು ಹಚ್ಚಿಕೊಂಡು ದಪ್ಪ ಇಂಗ್ಲಿಷ್ ಕಾದಂಬರಿಗಳ ಹಾಳೆ ಮಗುಚುತ್ತಿದ್ದರು. ನನ್ನ ಪುಸ್ತಕವನ್ನು ಓದಲು ಕೊಟ್ಟರೆ ಪ್ರತಿ ಹಾಳೆಯ ಮೂಲೆಯಲ್ಲೂ ಆ ಸೀಳು ಉಗುರಿನ ಗೀರು ಬಿದ್ದು ವಾಪಸ್ಸು ಬರುತ್ತಿತ್ತು. ನನಗೆ ರೇಗಿ ಹೋಗುತ್ತಿತ್ತು. ಅವರ ವಿಷಯದಲ್ಲಿ ನನಗೆ ರೇಗುತ್ತಿದ್ದ ಸಂಗತಿಗಳಲ್ಲಿ ಇದು ತೀರ ಚಿಕ್ಕದು.

ಭದ್ರಾವತಿಯಲ್ಲಿ ನಮ್ಮ ಮನೆಗೆ ಒತ್ತಿಕೊಂಡೇ ಅವರ ಕುಶನ್ ಅಂಗಡಿ, ಅದರ ಹಿಂದೆ ಅವರ ಮನೆ. ಮಾತು ಬಂದಾಗಿನಿಂದ ನನಗೆ ಅವರು ಮಾಮು, ಅವರ ಹೆಂಡತಿ ಮುಮಾನಿ. ಅಪ್ಪ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಮಲಗಿದ್ದರೆ ಮನೆಯಲ್ಲಿ ಸದ್ದು ಮಾಡುವಂತಿರಲಿಲ್ಲ. ಹಾಗಾಗಿ ಶಾಲೆಯಿಂದ ಬಂದವಳೇ ನಾನು ಆ ಅಂಗಡಿಯ ಫೋಮಿನ ರಾಶಿಯ ಮೇಲೆ ಬೀಳುತ್ತಿದ್ದೆ. ಒಂದು ಕಥೆಯ ಗೀಳು ನಮ್ಮಿಬ್ಬರಿಗೂ ಹತ್ತಿದ್ದು ಅಲ್ಲೇ. ಯಾರೋ ಹಳೆಯ ಕಾರೊಂದನ್ನು ಸೀಟು ಬದಲಾಯಿಸಲು ಬಿಟ್ಟು ಹೋಗಿದ್ದರು. ಹಿಂದಿನ ಸೀಟು ಕಿತ್ತಾಗ ಅಡಿಯಲ್ಲಿ ಒಂದು ಬಾಚಣಿಗೆ, ಕಡಲೆಕಾಯಿ ಸಿಪ್ಪೆ, ಒಂದು ದಪ್ಪ ಪುಸ್ತಕ ಸಿಕ್ಕಿದವು. ಕಾರಿನವರು "ಇಟ್ಕೊಳ್ಳಿ, ನಮಗೆ ಬೇಡ" ಅಂದರಂತೆ. ಪಿಯುಸಿಗೆ ಓದು ಬಿಟ್ಟಿದ್ದ ಮಾಮು ಅದನ್ನು ಒಂದಿಡೀ ಮಳೆಗಾಲ ಕೂತು ಓದಿದರು. ತಿಳಿಯದ ಪದ ಬಂದರೆ ನನ್ನನ್ನು ಕೂಗುತ್ತಿದ್ದರು. ನನಗೂ ತಿಳಿಯದಿದ್ದರೆ ಇಬ್ಬರೂ ಸೇರಿ ಒಂದು ಅರ್ಥ ಕಟ್ಟುತ್ತಿದ್ದೆವು. ಹಾಗೆ ಕಟ್ಟಿದ್ದರಲ್ಲಿ ಎಷ್ಟೋ ತಪ್ಪು ಎಂದು ಆಮೇಲೆ ಗೊತ್ತಾಯಿತು, ಕಥೆಗೇನೂ ನಷ್ಟವಾಗಿರಲಿಲ್ಲ.

ಸಮುದ್ರದ ನಡುವೆ ಉಪ್ಪಿನ ಕೋಟೆ. ಒಳಗೆ ಯಾರನ್ನೋ ಕೂಡಿಹಾಕಿದ್ದಾರೆ. ಯಾರನ್ನು ಎಂದು ಯಾರಿಗೂ ಗೊತ್ತಿಲ್ಲ. ದೋಣಿ ನಡೆಸುವ ಹುಡುಗಿಯೊಬ್ಬಳು ಆ ಕೋಟೆಯ ಬಾಗಿಲು ಹುಡುಕಿಕೊಂಡು ಹೊರಟಿದ್ದಾಳೆ. ಹಾರುವ ಹಾವು, ಮಾತಾಡುವ ಗಾಳಿ ಎಲ್ಲ ಇದೆ. ಮಾಮು ಓದಿದ್ದನ್ನೆಲ್ಲ ಊಟಕ್ಕೆ ಕೂತಾಗ ಮುಮಾನಿಗೆ ಹೇಳುತ್ತಿದ್ದರು. ಮುಮಾನಿ ರೊಟ್ಟಿ ಬೇಯಿಸುತ್ತ "ಹ್ಞೂಂ, ಹ್ಞೂಂ" ಅನ್ನುತ್ತಿದ್ದರು. ಅವರ ಗಮನವೆಲ್ಲ ಹೆಂಚಿನ ಮೇಲೇ ಇದೆ ಎಂದು ನಾವು ತಿಳಿದಿದ್ದೆವು. ಒಟ್ಟು ಐದು ಸಂಪುಟ ಎಂದು ಆ ಕಥೆ ಬರೆಯುವವನು ಹೇಳಿದ್ದ. ನಾಲ್ಕು ಬಂದವು. ಐದನೆಯದು ನಾನು ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ಕುಶನ್ ಅಂಗಡಿಯವರು ಹೀಗೆ ಮಾಡಿದ್ದರೆ ಆಟೋದವರೆಲ್ಲ ಸೇರಿ ಬಾಗಿಲಲ್ಲಿ ಗಲಾಟೆ ಎಬ್ಬಿಸುತ್ತಿದ್ದರು. ಇವನಿಗೆ ಊರೂರಲ್ಲಿ ಕರೆದು ಸನ್ಮಾನ ಮಾಡುತ್ತಾರೆ.

ಆ ಲೇಖಕನಿಗೆ ಒಂದು ಕೆಟ್ಟ ಚಾಳಿ. ಪ್ರತಿ ಸಂಪುಟದ ಕೊನೆಯ ಅಧ್ಯಾಯದಲ್ಲಿ ನಮ್ಮನ್ನು ತುದಿಗಾಲಲ್ಲಿ ನಿಲ್ಲಿಸಿ ಹೋಗಿಬಿಡುತ್ತಾನೆ. ಮೂರನೆಯದನ್ನು ಮುಗಿಸಿದ ಮೇಲೆ ಮಾಮುವಿಗೆ ಕೆಲಸದ ಮೇಲೆ ಮನಸ್ಸೇ ನಿಲ್ಲಲಿಲ್ಲ. ಒಂದು ಆಟೋದ ಸೀಟಿಗೆ ರೆಕ್ಸಿನ್ ಒಳಮೈ ಹೊರಗೆ ಮಾಡಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದರು. ಹಾಗಾಗಿ ನಾಲ್ಕನೆಯದು ಕೈಗೆ ಬಂದಾಗ ಅವರು ಒಂದು ಉಪಾಯ ಮಾಡಿದರು. ಕೊನೆಯ ಅಧ್ಯಾಯದ ಹಾಳೆಗಳನ್ನೆಲ್ಲ ಒಟ್ಟಿಗೆ ಹಿಡಿದು, ಅಂಚಿನುದ್ದಕ್ಕೂ ದಬ್ಬಳದಿಂದ ತೂತು ಮಾಡಿ, ಸೀಟಿಗೆ ಹಾಕುವ ಕಪ್ಪು ನೈಲಾನ್ ದಾರದಿಂದ ಹೊಲಿದುಬಿಟ್ಟರು. ಅಲ್ಲಿಯವರೆಗೆ ಓದಿ ನಿಲ್ಲಿಸಿದರು.

"ಏನ್ ಮಾಮು ಇದು, ಹುಚ್ಚಾ?" ಅಂದೆ.

"ಐದನೇದು ಕೈಗೆ ಬಂದ ದಿನ ದಾರ ಕತ್ತರಿಸ್ತೀನಿ ಮಾರಾಯ್ತಿ. ಕೊನೇ ಅಧ್ಯಾಯ ಓದಿ, ಎದ್ದು ನೀರೂ ಕುಡೀದೆ ಅದನ್ನ ಶುರು ಮಾಡ್ತೀನಿ. ಆ ನನ್ಮಗ ನನ್ನನ್ನ ಇನ್ನೊಂದ್ಸಲ ಬಾಗಿಲಲ್ಲಿ ನಿಲ್ಸಕ್ಕಾಗಲ್ಲ."

ನಾನು ನನ್ನ ಪ್ರತಿಯಲ್ಲಿ ಆ ಅಧ್ಯಾಯ ಓದಿಯಾಗಿತ್ತು. ನನ್ನ ಸಂಕಟ ಶುರುವಾದದ್ದು ಅಲ್ಲಿಂದ. ಭದ್ರಾವತಿಯಲ್ಲಾಗಲಿ, ನಾನು ಕೆಲಸಕ್ಕೆ ಸೇರಿದ ಶಿವಮೊಗ್ಗದಲ್ಲಾಗಲಿ ಆ ಪುಸ್ತಕ ಓದಿದ ಇನ್ನೊಂದು ನರಪಿಳ್ಳೆ ನನಗೆ ಗೊತ್ತಿರಲಿಲ್ಲ. ಇದ್ದವರು ಮಾಮು ಒಬ್ಬರೇ, ಅವರೋ ಹೊಲಿಗೆ ಹಾಕಿಕೊಂಡು ಕೂತಿದ್ದಾರೆ. ಕೋಟೆಯೊಳಗೆ ಯಾರಿದ್ದಾರೆ ಎಂಬ ಬಗ್ಗೆ ನನ್ನದೊಂದು ಲೆಕ್ಕಾಚಾರವಿತ್ತು. ಅದನ್ನು ಹೇಳಿ ಜಗಳವಾಡಲು ಜೀವ ಹಾತೊರೆಯುತ್ತಿತ್ತು. ನಾನು ಬಾಯಿ ತೆರೆದ ಕೂಡಲೇ ಅವರು ಎರಡೂ ಕಿವಿ ಮುಚ್ಚಿಕೊಂಡು "ನಕ್ಕೋ ಬೇಟಾ, ನಕ್ಕೋ! ಹೇಳ್ಬೇಡ!" ಎಂದು ಕೂಗುತ್ತಿದ್ದರು. ಗಿರಾಕಿಗಳು ನನ್ನನ್ನು ಅನುಮಾನದಿಂದ ನೋಡುತ್ತಿದ್ದರು.

ರೆಕ್ಸಿನ್, ದಾರ ತರಲು ಅವರು ಶಿವಮೊಗ್ಗದ ಗಾಂಧಿ ಬಜಾರಿಗೆ ಬರುತ್ತಿದ್ದರು. ಅಲ್ಲೇ ವಿನೋಬನಗರದ ಲ್ಯಾಬಿನಲ್ಲಿ ನನ್ನ ಕೆಲಸ, ರಕ್ತ ಪರೀಕ್ಷೆ ಮಾಡುವುದು. ದಿನಾ ಭದ್ರಾವತಿಯಿಂದಲೇ ಓಡಾಡುತ್ತಿದ್ದೆ. ಅವರು ಬರುವ ದಿನ ಒಂದೇ ಬಸ್ಸಿನಲ್ಲಿ ಹೊರಟು, ನಾನು ಒಮ್ಮೊಮ್ಮೆ ಬಜಾರಿನವರೆಗೂ ಜೊತೆಗೆ ಹೋಗುತ್ತಿದ್ದೆ. ಅಲ್ಲೊಂದು ಪುಸ್ತಕದಂಗಡಿ. ಗೈಡು, ಪಂಚಾಂಗ, ಮಕ್ಕಳ ಕಾಪಿ ಪುಸ್ತಕ ಬಿಟ್ಟರೆ ಅಲ್ಲಿ ಏನೂ ಸಿಗುವುದಿಲ್ಲ. ಮಾಮು ಮಾತ್ರ ಪ್ರತಿ ಸಲವೂ ಅದರ ಮುಂದೆ ನಿಂತು "ಬಂತಾ?" ಎಂದು ಕೇಳುತ್ತಿದ್ದರು.

"ಇಲ್ಲ ಭಾಯ್, ಹೋಲ್‌ಸೇಲಿನವ್ರು ಇನ್ನೂ ಕಳ್ಸಿಲ್ಲ," ಎಂದು ಅಂಗಡಿಯವರೂ ಗಂಭೀರವಾಗಿಯೇ ಹೇಳುತ್ತಿದ್ದರು. ಅವನು ಬರೆದೇ ಇಲ್ಲ, ಹೋಲ್‌ಸೇಲಿನವರು ಏನು ಕಳಿಸುತ್ತಾರೆ ಎಂದು ನಾನು ಸಿಡುಕಿದರೆ ಮಾಮು ನಗುತ್ತಿದ್ದರು. "ಈ ಸಲ ಪಕ್ಕಾ," ಅನ್ನುತ್ತಿದ್ದರು. ಬಂದರೆ ಮೊದಲು ಫೋನಿನಲ್ಲೇ ಬರುತ್ತದೆ, ಅಲ್ಲೇ ಓದಬಹುದು ಎಂದು ಹೇಳಿದ್ದಕ್ಕೆ, "ಫೋನಿಗೆ ಹೊಲಿಗೆ ಹಾಕಕ್ಕಾಗುತ್ತಾ?" ಎಂದು ಕೇಳಿದರು.

ಒಂದು ವರ್ಷ ಆನ್‌ಲೈನ್ ಅಂಗಡಿಯೊಂದರಲ್ಲಿ ಐದನೇ ಸಂಪುಟದ ಮುಂದೆ ಬಿಡುಗಡೆಯ ತಾರೀಖು ಕಾಣಿಸಿತು. ಡಿಸೆಂಬರ್ ತಿಂಗಳ ಕಡೆಯ ದಿನ. ಅವರಿಗೆ ತಾರೀಖು ಗೊತ್ತಿಲ್ಲದಾಗ ಜಾಗ ತುಂಬಲು ಹಾಗೆ ವರ್ಷದ ಕೊನೆಯ ದಿನ ಹಾಕುತ್ತಾರೆ. ಈ ಪುಸ್ತಕ, ಗೇಮುಗಳ ಹಿಂದೆ ಬಿದ್ದವರು ಒಮ್ಮೆಯಾದರೂ ಇದಕ್ಕೆ ಬಲಿ ಬಿದ್ದಿರುತ್ತಾರೆ. ಮಾಮುವಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ.

"ಮಾಮು, ಅದು ಸುಮ್ನೆ ಹಾಕಿರೋ ತಾರೀಖು."

"ತಾರೀಖು ಯಾರಾದ್ರೂ ಸುಮ್ನೆ ಹಾಕ್ತಾರಾ? ನಾನು ಗಿರಾಕಿಗೆ ಶುಕ್ರವಾರ ಅಂದ್ರೆ ಶುಕ್ರವಾರ ಸೀಟು ರೆಡಿ. ಜ್ವರ ಬಂದಿದ್ರೂ ರೆಡಿ. ಅಷ್ಟು ದೊಡ್ಡ ಕಂಪ್ನಿಯವ್ರು ಸುಳ್ಳು ಹೇಳ್ತಾರಾ?"

ಅದು ನಿಜವೇ. ಅವರು ಹೇಳಿದ ದಿನಕ್ಕೆ ಕೆಲಸ ಮುಗಿಸದೆ ಇದ್ದದ್ದನ್ನು ನಾನು ನೋಡಿಲ್ಲ. ಡಿಸೆಂಬರಿನ ಆ ಕಡೆಯ ದಿನ ಅವರು ಅಂಗಡಿ ತೆರೆಯಲಿಲ್ಲ. ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿಕೊಂಡು, ಅರ್ಧ ಎಳೆದ ಷಟರಿನ ಕೆಳಗೆ ಸ್ಟೂಲು ಹಾಕಿ ಕೂತರು. ಮಡಿಲಲ್ಲಿ ಹೊಲಿದ ಪುಸ್ತಕ, ಅದರ ಮೇಲೆ ಕತ್ತರಿ. ಆಟೋದವನೊಬ್ಬ ಹರಿದ ಸೀಟು ತಂದರೆ "ಇವತ್ತಾಗಲ್ಲಪ್ಪ, ಪುಸ್ತಕ ಬರುತ್ತೆ" ಎಂದು ಕಳಿಸಿದರು. ನಾನು ಸಂಜೆ ಕೆಲಸದಿಂದ ಬರುವಾಗಲೂ ಅಲ್ಲೇ ಇದ್ದರು. ಆನ್‌ಲೈನ್ ಅಂಗಡಿಯ ಪುಟದಲ್ಲಿ ತಾರೀಖು ಬದಲಾಗಿ ಮುಂದಿನ ಡಿಸೆಂಬರಿನ ಕಡೆಯ ದಿನವಾಗಿತ್ತು. ಫೋನು ತೋರಿಸಿದೆ. ಬಹಳ ಹೊತ್ತು ನೋಡಿ, "ಒಂದು ಮಾತು ಹೇಳ್ಬೇಕಿತ್ತು ಅವ್ರು," ಅಂದರು. ಸಾಗರಗಳಾಚೆ ಕೂತ ಒಬ್ಬ ಮನುಷ್ಯನ ಮೇಲೆ ನನಗೆ ಅವತ್ತು ಬಂದಷ್ಟು ಸಿಟ್ಟು ಕಣ್ಣೆದುರಿನ ಯಾರ ಮೇಲೂ ಬಂದಿಲ್ಲ.

ಇದರ ನಡುವೆ ಅದೇ ಕಥೆಯ ಮೇಲೆ ಒಂದು ವಿಡಿಯೋ ಗೇಮ್ ಬರುತ್ತದೆ ಎಂದು ಸುದ್ದಿಯಾಯಿತು. ಇಬ್ಬರು ಸೇರಿ ಆಡುವ ಆಟ. ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ದೋಣಿಯ ದಿಕ್ಕು ನೋಡಬೇಕು. ಅದರ ಎರಡು ನಿಮಿಷದ ತುಣುಕನ್ನು ಮಾಮು ಎಷ್ಟು ಸಲ ನೋಡಿದರೋ. ಆಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಟಿವಿಯ ಎದುರಿಗೆ, ಇಬ್ಬರು ಕೂರುವ ಸೀಟೊಂದನ್ನು ತಯಾರು ಮಾಡಿದರು. ಒಳ್ಳೆಯ ಫೋಮು, ಮೆರೂನ್ ಬಣ್ಣದ ರೆಕ್ಸಿನ್, ಅಂಚಿಗೆ ಬಿಳಿ ಪೈಪಿಂಗ್. "ಹುಟ್ಟು ನಾನು ಹಾಕ್ತೀನಿ, ದಿಕ್ಕು ನೀನು ನೋಡು," ಅಂದರು. ಮೇಲೆ ಪ್ಲಾಸ್ಟಿಕ್ ಹೊದಿಸಿ, ಗೇಮ್ ಬರುವವರೆಗೆ ಯಾರೂ ಕೂರಬಾರದು ಎಂದು ಕಟ್ಟಪ್ಪಣೆ ಮಾಡಿದರು. "ಮದ್ವೆ ಮನೆ ಸೋಫಾ ಥರ ಇಟ್ಟಿದ್ದಾರೆ ನೋಡು. ಬೆನ್ನು ನೋವು ಅಂದ್ರೂ ನಂಗೆ ಕೂರಂಗಿಲ್ಲ," ಎಂದು ಮುಮಾನಿ ದೂರುತ್ತಿದ್ದರು. ಗೇಮೂ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಇನ್ನಷ್ಟು ಚೆನ್ನಾಗಿ ಮಾಡಲು ಸಮಯ ಬೇಕು ಎಂದು ಕಂಪನಿ ಹೇಳಿಕೆ ಕೊಟ್ಟಿತು.

ಆಮೇಲೆ ಮಾಮುವಿಗೆ ಕೆಮ್ಮು ಶುರುವಾಯಿತು. ಫೋಮಿನ ಧೂಳು ಎಂದು ಎಲ್ಲರೂ ತಿಳಿದೆವು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಶ್ವಾಸಕೋಶದಲ್ಲಿ ಗಡ್ಡೆ ಎಂದರು. ರಿಪೋರ್ಟು ಓದಲು ಬರುವ ಕೆಲಸ ನನ್ನದು. ಹೆಚ್ಚು ದಿನ ಇಲ್ಲ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಕೊನೆಯ ಅಧ್ಯಾಯವನ್ನಾದರೂ ಅವರು ಓದಲಿ ಎಂಬ ಒಂದೇ ಹಟ ನನ್ನ ತಲೆಯಲ್ಲಿ ಕೂತಿತು. ಒಂದು ಮಧ್ಯಾಹ್ನ ಲ್ಯಾಬಿನಿಂದ ಹೊರಟು, ಮುಮಾನಿಯಿಂದ ಮೊದಲೇ ಇಸಿದುಕೊಂಡಿದ್ದ ಪುಸ್ತಕವನ್ನೂ ಒಂದು ಕತ್ತರಿಯನ್ನೂ ಬ್ಯಾಗಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋದೆ.

ಪುಸ್ತಕ ನೋಡಿದ ಕೂಡಲೇ ಅವರ ಮುಖ ಅರಳಿತು. "ಐದನೇದು ಬಂತಾ?"

"ಇಲ್ಲ ಮಾಮು."

"ಮತ್ತೆ ಕತ್ತರಿ ಯಾಕೆ ತಂದೆ?"

ನಾನೇ ಓದಿ ಹೇಳುತ್ತೇನೆ, ಒಂದೇ ಅಧ್ಯಾಯ, ಕೇಳಿ ಎಂದು ಗೋಗರೆದೆ. ಕೊನೆಗೆ ರೇಗಿದೆ, ಇದೆಂಥ ಮೊಂಡುತನ ನಿಮ್ಮದು ಎಂದು ಪಕ್ಕದ ಮಂಚದವರು ತಿರುಗಿ ನೋಡುವಂತೆ ಕೂಗಿದೆ. ಅವರು ಸೀಳು ಉಗುರಿನ ಹೆಬ್ಬೆರಳನ್ನು ಹೊಲಿಗೆಯ ಉದ್ದಕ್ಕೂ ಆಡಿಸುತ್ತ, ದಾರ ಎಲ್ಲಾದರೂ ಸಡಿಲವಾಗಿದೆಯೇ ಎಂದು ನೋಡುತ್ತಿದ್ದರು.

"ನೀನು ಅವಸರ ಮಾಡ್ಬೇಡ ಬೇಟಾ. ಈ ಸಲ ಪಕ್ಕಾ ಬರುತ್ತೆ. ಎರಡೂ ಒಟ್ಟಿಗೆ ಓದೋಣ," ಅಂದರು.

ಅದೇ ವಾರ ಹೋಗಿಬಿಟ್ಟರು. ಹೊಲಿಗೆ ಹಾಗೆಯೇ ಇತ್ತು.

ಗೇಮ್ ಬಂದದ್ದು ಅವರು ತೀರಿಕೊಂಡ ಕೆಲವು ತಿಂಗಳಿಗೆ. ನಮ್ಮ ಮನೆಯ ಹಳೆಯ ಟಿವಿಗೆ ಸೇರಿಸಿ ಒಬ್ಬಳೇ ಆಡಲು ಕೂತೆ. ಹುಟ್ಟು ಹಾಕಿದರೆ ದೋಣಿ ನೀರಿನ ಮೇಲಿಂದ ಒಂದು ಆಳು ಎತ್ತರಕ್ಕೆದ್ದು ಗಾಳಿಯಲ್ಲಿ ನಿಂತಿತು. ಹುಡುಗಿ ಕೋಟೆಯ ಗೋಡೆಯೊಳಗೆ ಸೊಂಟದವರೆಗೆ ಸಿಕ್ಕಿಕೊಂಡಳು. ಆಟದ ತುಂಬ ಇಂಥ ದೋಷಗಳೇ. ಇದನ್ನೇ ಆ ಕಂಪನಿಯವರು ಅಷ್ಟು ವರ್ಷ ಚೆನ್ನಾಗಿ ಮಾಡುತ್ತಿದ್ದದ್ದು! ಮಾಮು ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ನಾನು ರಿಮೋಟನ್ನು ಹಾಸಿಗೆಯ ಮೇಲೆ ಎಸೆದು ಅತ್ತೆ.

ಕಳೆದ ಭಾನುವಾರ ಮುಮಾನಿ ಕರೆದರು. ಹಿಂದಿನ ಕೋಣೆಗೆ ಹೋದರೆ ಆ ಮೆರೂನ್ ಸೀಟಿನ ಪ್ಲಾಸ್ಟಿಕ್ಕನ್ನು ಹರಿದು ಮೂಲೆಗೆ ಹಾಕಿ, ಅದರ ಮೇಲೆ ಕೂತಿದ್ದಾರೆ. ಮಡಿಲಲ್ಲಿ ಪುಸ್ತಕ, ಕೈಯಲ್ಲಿ ಅಂಗಡಿಯ ದೊಡ್ಡ ಕತ್ತರಿ.

"ಬಾ, ಕೂತ್ಕೋ. ಇದ್ರೊಳಗೆ ಏನಿದೆ ಅಂತ ಓದಿ ಹೇಳು."

"ಮುಮಾನಿ, ಮಾಮು ಹೇಳಿದ್ರಲ್ಲ..."

"ಅವ್ರು ಹೇಳಿದ್ದು ಅವ್ರಿಗೆ. ನಾನೇನು ಆಣೆ ಮಾಡಿಲ್ಲ," ಎಂದವರೇ ದಾರ ಕತ್ತರಿಸಿದರು. ನೈಲಾನ್ ದಾರ, ಸುಲಭಕ್ಕೆ ಹರಿಯಲಿಲ್ಲ. ಒಂದೊಂದೇ ಹೊಲಿಗೆ ಕತ್ತರಿಸಿ ಎಳೆಯಬೇಕಾಯಿತು.

ಆ ಹಾಳೆಗಳ ಮೇಲೆ ಮಾತ್ರ ಉಗುರಿನ ಗೀರು ಇರಲಿಲ್ಲ. ನಾನು ಓದುತ್ತ ಕನ್ನಡದಲ್ಲಿ ಹೇಳುತ್ತ ಹೋದೆ. ಮುಮಾನಿ ನಡುನಡುವೆ ತಡೆದು, "ಆ ಕುಂಟ ಅಂಬಿಗ ಇನ್ನೂ ಬದ್ಕಿದಾನಾ?", "ಗಾಳಿ ಅವಳ ಹತ್ರ ಮಾತು ಬಿಟ್ಟಿತ್ತಲ್ಲ?" ಎಂದು ಕೇಳುತ್ತಿದ್ದರು. ರೊಟ್ಟಿ ಬೇಯಿಸುತ್ತಲೇ ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೊನೆಯ ಸಾಲಿಗೆ ಬಂದೆ. ಹುಡುಗಿ ಕೋಟೆಯ ಬಾಗಿಲು ತೆರೆಯುತ್ತಾಳೆ, ಒಳಗಿದ್ದವರನ್ನು ನೋಡಿ "ಬಹಳ ಕಾಯಿಸಿಬಿಟ್ಟೆನಾ?" ಎಂದು ಕೇಳುತ್ತಾಳೆ.

"ಆಮೇಲೆ?"

"ಅಷ್ಟೇ ಮುಮಾನಿ. ಪುಸ್ತಕ ಮುಗೀತು."

"ಅಷ್ಟೇನಾ? ಒಳಗಿದ್ದೋರು ಯಾರು?"

"ಹೇಳಿಲ್ಲ. ಮುಂದಿನದ್ರಲ್ಲಿ ಹೇಳ್ತಾನಂತೆ."

"ಎಂಥಾ ಮನುಷ್ಯ ಅವ್ನು! ಮನೇಲಿ ಯಾರೂ ಹೇಳೋರು ಕೇಳೋರು ಇಲ್ವಾ ಅವ್ನಿಗೆ?" ಮುಮಾನಿಯ ಮುಖ ಕೆಂಪಾಯಿತು. "ಅವಳಪ್ಪಾನೇ ಇರ್ಬೇಕು. ಅಷ್ಟು ಸಲಿಗೆಯಿಂದ ಇನ್ಯಾರನ್ನ ಕೇಳ್ತಾಳೆ?" ಅಂದರು.

"ಇಲ್ಲ ಮುಮಾನಿ, ಅವಳ ಅಕ್ಕ. ಎರಡನೇ ಪುಸ್ತಕದಲ್ಲಿ ಕಳೆದುಹೋದ್ಲಲ್ಲ, ಆ ಅಕ್ಕ."

"ಅಕ್ಕ ಹೆಂಗಾಗ್ತಾಳೆ? ಅವಳ ಬಳೆ ಸಮುದ್ರದಲ್ಲಿ ಸಿಕ್ತು ಅಂತ ನಿಮ್ಮ ಮಾಮು ಹೇಳಿದ್ರು."

ಮಾಮುವಿನ ಜೊತೆ ಆಡಬೇಕೆಂದು ನಾನು ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಜಗಳವನ್ನು, ಅವರು ಮಾಡಿಟ್ಟ ಸೀಟಿನ ಮೇಲೆ ಕೂತು, ಅವರ ಹೆಂಡತಿಯ ಜೊತೆ ಆಡಿದೆ. ಚಹಾ ಆರಿ ಹೋಯಿತು. ಇಬ್ಬರೂ ಸೋಲಲಿಲ್ಲ. ಹೀಗೆ ಒಂದು ಕಥೆಯ ಹಿಂದೆ ಬೀಳುವುದನ್ನು ನನಗೆ ಕಲಿಸಿದವರು ಮಾಮು, ಕಲಿಸಿ ಅರ್ಧದಲ್ಲಿ ಎದ್ದು ಹೋದರು ಎಂದು ಅವರ ಮೇಲೂ ಸಿಟ್ಟು ಬಂತು. ಅವರಿಲ್ಲವಲ್ಲ ಎಂದು ಅವತ್ತು ತಡೆಯಲಾರದಷ್ಟು ನೋವಾಯಿತು.

ನಾನು ಹೊರಡಲು ಎದ್ದಾಗ ಮುಮಾನಿ ಕತ್ತರಿಸಿದ ದಾರದ ತುಂಡುಗಳನ್ನು ಸೆರಗಿಗೆ ಬಳಿದುಕೊಳ್ಳುತ್ತಿದ್ದರು. ತಲೆ ಎತ್ತದೆಯೇ ಕೇಳಿದರು.

"ಮುಂದಿನದು ಯಾವಾಗ ಬರುತ್ತೆ?"

ಅದು ಇನ್ನೂ ಒಂದು ವರ್ಷ ಮುಂದಕ್ಕೆ ಹೋದ ಸುದ್ದಿಯನ್ನು ಅವತ್ತು ಬೆಳಿಗ್ಗೆಯಷ್ಟೇ ಓದಿ, ಫೋನಿಗೆ ಬೈದಿದ್ದೆ.

"ಈ ಸಲ ಪಕ್ಕಾ ಅಂತೆ, ಮುಮಾನಿ," ಅಂದೆ.