ಮೇಡಂ ಬಂದರೆ ಶಾಲೆ

ಚಂದಾಪುರದ ಕಡೆಯಿಂದ ಬರುವ ಬಸ್ಸಿನ ಬಾಗಿಲಲ್ಲಿ ಮೊದಲು ಕಾಣುತ್ತಿದ್ದದ್ದು ಮೇಡಂ ಅವರ ಪಾದ. ಬಾತ ಪಾದ, ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗಿರುತ್ತಿತ್ತು. ಅದು ಕಂಡ ಕೂಡಲೇ ಕಟ್ಟೆಯ ಮೇಲೆ ಕಾದು ಕೂತ ನಾವು ಹುಡುಗಿಯರು ಚೀಲ ಹೆಗಲಿಗೇರಿಸುತ್ತಿದ್ದೆವು. ಕಾಣದಿದ್ದರೆ ಸೀದಾ ಹೊಲಕ್ಕೆ.

ನಮ್ಮೂರು ಕಲಬುರಗಿ ಜಿಲ್ಲೆಯ ಚಿಮ್ಮನಚೋಡದ ಆಚೆ. ಹೈಸ್ಕೂಲಿನಲ್ಲಿ ಕಲಿಸುವವರೆಲ್ಲ ಗಂಡಸರು, ವಿಜ್ಞಾನದ ಮೇಡಂ ಒಬ್ಬರನ್ನು ಬಿಟ್ಟು. ಕಲಿಸುವ ಹೆಣ್ಣುಮಗಳು ಇಲ್ಲದ ದಿನ ದೊಡ್ಡವರಾದ ಹುಡುಗಿಯರನ್ನು ಶಾಲೆಗೆ ಕಳಿಸಬಾರದೆಂದು ಊರವರು ತಾವೇ ಕಟ್ಟಳೆ ಮಾಡಿಕೊಂಡಿದ್ದರು. ಹಿಂದೆ ಏನೂ ಆಗಿರಲಿಲ್ಲ, ಯಾರೂ ಏನೂ ಮಾಡಿರಲಿಲ್ಲ. ಮಂದಿ ಏನಂದಾರು ಎಂಬ ಭಯ, ಅಷ್ಟೇ. ಗಂಡುಹುಡುಗರಿಗೆ ಇದ್ಯಾವುದೂ ಇಲ್ಲ. ಮಾಸ್ತರರೇ ಬಾರದ ದಿನವೂ ಅವರು ಹೋಗಿ ಬೆಂಚು ಮುರಿದು ಬರಬಹುದಿತ್ತು. ನನ್ನವ್ವ ದಿನಾ ಹೇಳುತ್ತಿದ್ದಳು: "ಮೇಡಮ್ಮ ಬಂದ್ರ ಸಾಲಿಗಿ ಹೋಗು. ಇಲ್ಲಂದ್ರ ಅಲ್ಲಿ ಇಲ್ಲಿ ನಿಂದ್ರಬ್ಯಾಡ, ಸೀದಾ ಹೊಲಕ್ಕ ಬಾ."

ಹೀಗಾಗಿ ಮೇಡಂಗೆ ರಜೆಯೆಂಬುದೇ ಇರಲಿಲ್ಲ. ಜ್ವರದಲ್ಲಿ ಬಂದರು, ತಾಯಿ ತೀರಿಕೊಂಡ ವಾರದಲ್ಲೇ ಬಂದರು. ಹೆಣ್ಣುಮಕ್ಕಳ ಪಾಯಖಾನೆಗೆ ಬೀಗ. ಒಳಗೆ ಹುಡುಗರ ಕ್ರಿಕೆಟ್ ಸಾಮಾನು. ಕೀಲಿ ಕೇಳಿದರೆ ಹೆಡ್‌ಮಾಸ್ತರರು, "ನಿಮ್ಮ ಒಬ್ಬರ ಸಲುವಾಗಿ ಸಾಮಾನೆಲ್ಲ ಎಲ್ಲಿಡ್ಲಿ ಮೇಡಂ?" ಎಂದರಂತೆ. ಹುಡುಗಿಯರು ಅವರ ಲೆಕ್ಕಕ್ಕೇ ಇರಲಿಲ್ಲ. ಮೇಡಂ ಸಂಜೆಯವರೆಗೆ ನೀರು ಮುಟ್ಟುತ್ತಿರಲಿಲ್ಲ. ಅವರನ್ನು ನೋಡಿ ನಾವೂ ನೀರಿನ ಬಾಟಲಿ ತರುವುದು ಬಿಟ್ಟೆವು.

ಬೆಲ್ಲದಂಥ ಹೆಂಗಸೇನಲ್ಲ ಅವರು. ಬಾಯಿ ಭಾಳ ಕೆಟ್ಟದ್ದು. ನಮ್ಮನ್ನು ಎಮ್ಮಿಗೋಳು ಎನ್ನುತ್ತಿದ್ದರು, ಹೊಡೆಯುತ್ತಿದ್ದದ್ದೂ ನಮ್ಮನ್ನೇ. ಹುಡುಗ ತಪ್ಪು ಹೇಳಿದರೆ "ಕುಂದ್ರಪಾ" ಎಂದು ಮುಗಿಸಿಬಿಡುತ್ತಿದ್ದರು. ಒಮ್ಮೆ ಹೃದಯದ ಚಿತ್ರ ಬರೆಯಲು ನನ್ನನ್ನು ಬೋರ್ಡಿಗೆ ಕರೆದರು. ಹುಡುಗರು ನಕ್ಕರೆಂದು ವೇಲು ಕಚ್ಚಿಕೊಂಡು ನಿಂತೆ. ಕಪಾಳಕ್ಕೆ ಬಿತ್ತು. ಸಿಟ್ಟಿನಲ್ಲಿ ಕೇಳಿಯೇಬಿಟ್ಟೆ: "ಹುಡುಗುರಿಗ್ಯಾಕ ಹೊಡ್ಯಂಗಿಲ್ರಿ?"

"ಅವ ಫೇಲಾದ್ರ ಮುಂದಿನ ವರ್ಷ ಇದೇ ಬೆಂಚಿನ್ಯಾಗ ಕುಂದರ್ತಾನ. ನೀ ಫೇಲಾದ್ರ ನಿನ್ನ ಮದಿವಿ ಮಾಡ್ತಾರ. ಬರಿ ಈಗ!"

ಬರೆದೆ. ಇಂದಿಗೂ ಹೃದಯದ ನಾಲ್ಕೂ ಕೋಣೆಗಳನ್ನು ಕಣ್ಣು ಮುಚ್ಚಿ ಬರೆಯಬಲ್ಲೆ.

ನನಗೆ ಸೋದರಮಾವನ ಮಗನನ್ನು ಮೊದಲೇ ಗೊತ್ತು ಮಾಡಿದ್ದರು. ಒಂಬತ್ತರಲ್ಲೇ ಶಾಲೆ ಬಿಡಿಸಲು ಹೊರಟ ಅಪ್ಪನೊಂದಿಗೆ ಮೇಡಂ ನಮ್ಮನೆಯ ಬಾಗಿಲಲ್ಲಿ ನಿಂತು ಜಗಳ ತೆಗೆದರು. ಹತ್ತನೆಯದರ ಪರೀಕ್ಷೆ ಮುಗಿಯುವವರೆಗೆ ಮದುವೆಯ ಸುದ್ದಿ ಎತ್ತಕೂಡದು ಎಂದರು. ಅಪ್ಪ ತಲೆ ಕೆರೆದುಕೊಂಡು ಹೇಳಿದ: "ಆಯ್ತ್ರಿ ಮೇಡಂ. ನೀವ್ ಸಾಲಿಗಿ ಬರೋ ತನಕ ಕಳಸ್ತೀನಿ."

"ನಾ ಎಲ್ಲಿ ಹೋಗ್ತೀನಪಾ? ಬರ್ತೀನಿ" ಎಂದರು ಮೇಡಂ.

ನಾನು ಹತ್ತರಲ್ಲಿದ್ದಾಗ, ಚಳಿಗಾಲದಲ್ಲಿ ಅವರ ಮುಖವೂ ಬಾತಿತು. ಕಿಡ್ನಿ ಕೆಟ್ಟಿದೆ, ಆಸ್ಪತ್ರೆಗೆ ಸೇರಿಕೊಳ್ಳಿ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಮೇಡಂ ರಜೆ ಕೇಳಿದಾಗ ನಾನು ಅಲ್ಲೇ ಇದ್ದೆ. ಆಫೀಸಿಗೆ ಚಹಾ ಒಯ್ಯುವುದು ಹುಡುಗಿಯರ ಪಾಳಿ, ಅಂದು ನನ್ನದು.

"ನೀವು ಹೋದ್ರ ಹುಡುಗ್ಯಾರೆಲ್ಲ ಮನ್ಯಾಗ ಕುಂದರ್ತಾರ. ನನ್ನ ರಿಸಲ್ಟ್ ಏನಾಗಬೇಕ್ರಿ?" ಎಂದರು ಹೆಡ್‌ಮಾಸ್ತರರು. ಗಣಿತದ ಸರ್ ನನ್ನ ಕೈಯಿಂದ ಕಪ್ಪು ತೆಗೆದುಕೊಳ್ಳುತ್ತ ನಕ್ಕರು: "ನಿಮಗ ಪಗಾರ ಕೊಡೋದೇ ಹುಡುಗ್ಯಾರನ್ನ ಕಾಯಲಿಕ್ಕ, ಮೇಡಂ."

ಮೇಡಂ ನನ್ನ ಮುಖ ನೋಡಿದರು. "ಪರೀಕ್ಷಾ ಮುಗೀಲಿ ತಗೋರಿ" ಎಂದು ಎದ್ದು ಕ್ಲಾಸಿಗೆ ನಡೆದರು. ಆ ಗಂಡಸರ ಬಾಯಿಗೆ ಮಣ್ಣು ಹಾಕಬೇಕು ಎನಿಸಿತ್ತು ನನಗೆ. ಈಗಲೂ ಎನಿಸುತ್ತದೆ.

ಕಡಲೆ ಕೀಳುವ ದಿನಗಳು, ಪರೀಕ್ಷೆ ಇನ್ನೇನು ಬಂದೇಬಿಟ್ಟಿತ್ತು. ಒಂದು ಬೆಳಿಗ್ಗೆ ಬಸ್ಸು ಬಂತು, ಮೇಡಂ ಇಳಿಯಲಿಲ್ಲ. ಕಂಡಕ್ಟರನೇ ಕೆಳಗಿಳಿದು ಬಂದ. "ನಿಮ್ಮ ಮೇಡಂ ತೀರ್ಕೊಂಡ್ರವ್ವಾ" ಎಂದ. ಕಟ್ಟೆಯ ಮೇಲೆ ಕೂತು ಅತ್ತೆವು. ಅತ್ತು ಕಣ್ಣೊರೆಸಿಕೊಂಡು ಹೊಲಕ್ಕೆ ಹೋದೆವು.

ಅಪ್ಪ ಆಡಿದ ಮಾತಿಗೆ ತಪ್ಪುವವನಲ್ಲ. ಮೇಡಂ ಬರುವುದು ನಿಂತಿತು, ನನ್ನ ಶಾಲೆಯೂ ನಿಂತಿತು. ಕ್ಲಾಸಿನ ಹುಡುಗರು ಪರೀಕ್ಷೆ ಬರೆಯುವಾಗ ನನಗೆ ಅರಿಶಿನ ಹಚ್ಚಿದರು. ಎಷ್ಟೋ ವರ್ಷಗಳ ಮೇಲೆ, ಶಹಾಬಾದಿನ ಗಂಡನ ಮನೆಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಓದಿ ಹತ್ತನೆಯದು ಪಾಸಾದೆ. ಅದು ಆ ಕಪಾಳದೇಟಿನ ಋಣ. ಆದರೆ ಮೇಡಂ ಹೋದ ದಿನ ನನಗೆ ಅದೇನೂ ಗೊತ್ತಿರಲಿಲ್ಲ. ಅಂದು ಸಂಜೆ, ಒಂಬತ್ತರಲ್ಲಿದ್ದ ನನ್ನ ತಮ್ಮ ಬೆವರು ಸುರಿಸುತ್ತ ಮನೆಗೆ ಬಂದಾಗ ಶಾಲೆಯಲ್ಲಿ ಏನು ಮಾಡಿದರೆಂದು ಕೇಳಿದೆ.

"ಶೋಕಸಭಾ ಮಾಡಿದ್ರಕ್ಕಾ. ಮೇಡಂ ಒಂದಿನಾನೂ ರಜಾ ಹಾಕಲಿಲ್ಲಂತ ಹೆಡ್‌ಮಾಸ್ತರು ಭಾಳ ಹೊಗಳಿದ್ರು. ಆಮ್ಯಾಲ ನಮಗ ರಜಾ ಬಿಟ್ರು. ಕ್ರಿಕೆಟ್ ಆಡಿದ್ವಿ."

"ಹುಡುಗ್ಯಾರನ್ನ ಯಾಕ ಕರೀಲಿಲ್ಲೋ?"

ಅವನು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ.

"ಹುಡುಗ್ಯಾರು ಹ್ಯಾಂಗ ಬರ್ತಾರಕ್ಕಾ? ಮೇಡಂ ಬಂದಿರಲಿಲ್ಲಲ್ಲ."