ಗಿರಿಜಕ್ಕನ ಪಿಕಪ್ಪೂ ನನ್ನ ಅಂಗೈಯಗಲದ ಸ್ಕೋಪೂ

ಗಿರಿಜಕ್ಕನ ಪಿಕಪ್ ದೇವಿಮನೆ ಘಾಟಿಯಲ್ಲಿ ಮೂರನೇ ಸಲ ನಿಂತಾಗ ಹಿಂದುಗಡೆ ಹದಿನಾಲ್ಕು ಟ್ರೇ ಬಂಗಡೆ ಇತ್ತು. ಐಸ್ ಕರಗುತ್ತಿತ್ತು. ಗಿರಿಜಕ್ಕ ಕರಗುವ ಪೈಕಿ ಅಲ್ಲ.

ಫೋನ್ ಮಾಡಿದಳು. "ತಮ್ಮಾ, ನೀ ಹಾಕಿದ ಹೊಸಾ ಸೆನ್ಸಾರ್ ಇಲ್ಲಿ ಮರದ ಬುಡದಲ್ಲಿ ನಿದ್ದೆ ಮಾಡ್ತಾ ಉಂಟು. ಎಬ್ಬಿಸ್ಲಿಕ್ಕೆ ನೀ ಬರ್ತ್ಯಾ, ಇಲ್ಲಾ ನಾನೇ ನಾಲ್ಕು ಬಡೀಲಾ?"

ಗಿರಿಜಕ್ಕ ಕಾಸರಕೋಡಿನವಳು. ಬೆಳಗಾಗುತ್ತಲೇ ಬಂದರಿನಲ್ಲಿ ಮೀನು ಕೊಂಡು, ಕುಮಟೆ, ಕತಗಾಲ ದಾಟಿ, ಘಾಟಿ ಹತ್ತಿ ಶಿರಸಿಯ ಹೋಟೆಲುಗಳಿಗೆ ಮುಟ್ಟಿಸುತ್ತಾಳೆ. ಗಾಡಿಯನ್ನೂ ಅವಳೇ ಓಡಿಸುತ್ತಾಳೆ. (ಮೊದಲು ಒಬ್ಬ ಡ್ರೈವರ್ ಇದ್ದ. ಅವನ ಓಡಿಸುವಿಕೆ ನೋಡಿ ಅವಳಿಗೇ ನಾಚಿಕೆಯಾಯಿತಂತೆ.)

ನನ್ನದು ಹೊನ್ನಾವರದಲ್ಲಿ ಹೈವೇ ಬದಿಯ ಅಂಗಡಿ. ಗಾಡಿಗಳ ವೈರಿಂಗ್ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ, ಶಾಲೆಯವರೂ ಹೆಚ್ಚು ಒತ್ತಾಯ ಮಾಡಲಿಲ್ಲ. ಒಂದು ಟೆಸ್ಟ್ ಲ್ಯಾಂಪ್, ಒಂದು ಮಲ್ಟಿಮೀಟರ್, ಒಂದು ಮೂಗು. ಈ ಮೂರರಲ್ಲೇ ಇಷ್ಟು ವರ್ಷ ಅನ್ನ ತಿಂದಿದ್ದೇನೆ. ಇಂಜಿನಿಯರಿಂಗ್ ಓದಿದವರು ಕೈಬಿಟ್ಟ ಗಾಡಿಗಳನ್ನು ಓಡಿಸಿ ಕಳಿಸಿದ್ದೇನೆ. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೆಂದು ನಿಮಗೆ ಲೆಕ್ಕ ಸಿಕ್ಕಿದ್ದರೆ, ದಯವಿಟ್ಟು ಅಲ್ಲಿಗೇ ನಿಲ್ಲಿಸಿ.

ಮೊದಲ ಸಲ ಗಾಡಿ ನಿಂತಾಗ, "ಕ್ರ್ಯಾಂಕ್ ಸೆನ್ಸಾರ್" ಎಂದೆ. ಇಂಜಿನ್ ತಿರುಗುತ್ತಿದೆಯೆಂದು ಕಂಪ್ಯೂಟರಿಗೆ ಸುದ್ದಿ ಕೊಡುವ ಸಾಮಾನು ಅದು. ಸುದ್ದಿ ತಪ್ಪಿದರೆ ಇಂಜಿನ್ ಬಂದ್. ಬದಲಿಸಿದೆ. ಎರಡನೇ ಸಲ, "ಅರ್ತಿಂಗ್" ಎಂದೆ. ಹೊಸ ಅರ್ತಿಂಗ್ ವೈರ್ ಹಾಕಿದೆ. ಮೂರನೇ ಸಲ ಉಳಿದದ್ದು ಒಂದೇ. ಗಂಭೀರವಾಗಿ, "ಇಸಿಎಮ್ ಹೋಗಿದೆ ಅಕ್ಕ" ಎಂದೆ. ಇಸಿಎಮ್ ಎಂದರೆ ಆ ಕಂಪ್ಯೂಟರೇ. ನಮ್ಮ ಕಸುಬಿನಲ್ಲಿ ಎಂತದ್ದೂ ಗೊತ್ತಾಗದಿದ್ದಾಗ ಹೋಗುವುದು ಯಾವಾಗಲೂ ಅದೇ.

ಗಿರಿಜಕ್ಕ ಬೈಯಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು. ಶಿರಸಿಯ ದೊಡ್ಡ ಹೋಟೆಲಿನವರು, ಇನ್ನೊಂದು ಸಲ ತಡವಾದರೆ ಬೇರೆ ಗಾಡಿಗೆ ಹೇಳುತ್ತೇವೆ ಎಂದಿದ್ದರಂತೆ. ಅವರು ಬಿಟ್ಟರೆ ಉಳಿದ ನಾಲ್ವರೂ ಬಿಡುತ್ತಾರೆ. ಹನ್ನೆರಡು ವರ್ಷ ಘಾಟಿ ಹತ್ತಿ ಇಳಿದು ಕಟ್ಟಿದ ವ್ಯಾಪಾರ. "ನೀ ಹೇಳಿದ್ದೆಲ್ಲಾ ಮಾಡ್ಸಿದೆ ಮಾರಾಯಾ. ಈ ಸಲ ಖರೆ ಅಲ್ವಾ?" ಎಂದಳು.

ಖರೆ ಎಂದೆ. ಮನಸ್ಸಿನಲ್ಲಿ ಖಾತ್ರಿ ಇರಲಿಲ್ಲ.

ಹಳೆಯ ಇಸಿಎಮ್ ಒಂದು ಸಿಕ್ಕೀತೆಂದು ಭಟ್ಕಳಕ್ಕೆ ಹೋದೆ, ಇಲ್ಯಾಸ್ ಭಾಯ್ ಅಂಗಡಿಗೆ. ಮೊಬೈಲ್, ಆಂಪ್ಲಿಫೈಯರ್, ಬೋಟಿನ ಜಿಪಿಎಸ್, ಎಲ್ಲದರ ಹೊಟ್ಟೆ ಕೊಯ್ಯುವ ಮನುಷ್ಯ ಆತ. ಎಲ್ಲ ಕೇಳಿ, ಸಿಗ್ನಲ್ ನೋಡಿದ್ದೀಯಾ ಎಂದ. ಮೀಟರ್ ಹಿಡಿದಿದ್ದೇನೆ, ಸರಿ ತೋರಿಸುತ್ತದೆ ಎಂದೆ.

"ಮೀಟರ್ ಅಂದ್ರೆ ರಾಜಿ ಪಂಚಾಯ್ತಿ ಮಾಡೋರ ಹಾಗೆ, ಭಾಯ್," ಎಂದ ಇಲ್ಯಾಸ್. "ಇಡೀ ಜಗಳ ಕೇಳಿ ಕೊನೆಗೆ ಒಂದು ಸರಾಸರಿ ಹೇಳ್ತದೆ. ಯಾರು ಯಾವಾಗ ಹೊಡೆದ್ರು ಅಂತ ಹೇಳೋದಿಲ್ಲ. ಅದಕ್ಕೆ ಸ್ಕೋಪ್ ಬೇಕು."

ಸ್ಕೋಪ್, ಅಂದರೆ ಆಸಿಲೋಸ್ಕೋಪ್. ಆಸ್ಪತ್ರೆಯಲ್ಲಿ ಎದೆಬಡಿತದ ಗೆರೆ ನೋಡಿದ್ದೀರಲ್ಲ? ಹಾಗೆಯೇ ಇದು ವೈರಿನೊಳಗಿನ ಕರೆಂಟಿನ ಏರಿಳಿತವನ್ನು ಕ್ಷಣಕ್ಷಣಕ್ಕೂ ಗೆರೆಯಾಗಿ ಬರೆದು ತೋರಿಸುತ್ತದೆ. ಒಂದು ಗಳಿಗೆ ತಪ್ಪಿದರೂ ಕಾಣುತ್ತದೆ.

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಕೈಯೇ ಮೀಟರ್ ಎಂದು ಮೆರೆದವನು ಈಗ ಆಟದ ಟೀವಿ ಕೊಳ್ಳಬೇಕಾ? ಆದರೆ ಇಸಿಎಮ್ ಹಾಕಿದ ಮೇಲೂ ಗಾಡಿ ನಿಂತರೆ? ಆ ಯೋಚನೆ ಬಂದದ್ದೇ, ತೋರಿಸು ನೋಡುವಾ ಎಂದೆ.

ಮೊದಲು ಬಂದದ್ದು ಬೆಂಕಿಪೆಟ್ಟಿಗೆಯಷ್ಟೇ ದೊಡ್ಡದು. ಅಗ್ಗ. ಒಂದೇ ಚಾನೆಲ್, ಎಂದರೆ ಒಂದು ಸಲಕ್ಕೆ ಒಂದೇ ಗೆರೆ. ಕಲಿಯುವವರಿಗೆ ಚೆಂದ. ದುಡಿಯುವವರಿಗೆ ಮಾರನೇ ದಿನವೇ ಬೇಜಾರು. ಆಮೇಲೆ ಮೇಜಿನ ಮೇಲಿಡುವ ದೊಡ್ಡದು. ಕೊಟ್ಟ ದುಡ್ಡಿಗೆ ಅದರಷ್ಟು ಒಳ್ಳೆಯದಿಲ್ಲ, ಒಪ್ಪಿದೆ. ಆದರೆ ದೇವಿಮನೆ ಘಾಟಿಯಲ್ಲಿ ಪ್ಲಗ್ ಪಾಯಿಂಟ್ ಎಲ್ಲಿದೆ? ಲ್ಯಾಪ್‌ಟಾಪಿಗೆ ಚುಚ್ಚುವುದೂ ಉಂಟು. ನನ್ನ ಕೈಯ ಗ್ರೀಸು ಲ್ಯಾಪ್‌ಟಾಪಿಗೆ ಹತ್ತುವ ಚಿತ್ರ ಕಣ್ಣೆದುರು ಬಂತು. ಬೇಡ ಎಂದೆ.

ಕೊನೆಗೆ ಅಂಗೈಯಗಲದ, ಬ್ಯಾಟರಿಯ, ಎರಡು ಚಾನೆಲಿನ, ಮಲ್ಟಿಮೀಟರೂ ಒಳಗಿರುವ ಒಂದು. ಎಷ್ಟು ವೇಗದ ಏರಿಳಿತ ಹಿಡಿಯುತ್ತದೆ ಎನ್ನುವ ಮೆಗಾಹರ್ಟ್ಜ್ ಲೆಕ್ಕ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿತ್ತು. ಅದಕ್ಕೆ ಮರುಳಾಗಬೇಡ ಎಂದ ಇಲ್ಯಾಸ್. ಗಾಡಿಯ ಸೆನ್ಸಾರುಗಳು ಎತ್ತಿನಗಾಡಿಯ ವೇಗದವು, ಹತ್ತು ಮೆಗಾಹರ್ಟ್ಜ್ ನಿಜವಾಗಿ ಇದ್ದರೆ ಧಾರಾಳ. ಬೋರ್ಡ್ ರಿಪೇರಿಗೂ ಬೇಕೆಂದರೆ ನಲವತ್ತು, ಐವತ್ತು. ಸ್ಯಾಂಪಲಿಂಗ್, ಎಂದರೆ ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎನ್ನುವುದು, ಅದರ ನಾಲ್ಕೈದು ಪಟ್ಟಾದರೂ ಇರಬೇಕು, ಎರಡೂ ಚಾನೆಲ್ ಹಾಕಿದಾಗ ಅದು ಅರ್ಧಕ್ಕಿಳಿಯುತ್ತದೋ ಎಂದು ಕೇಳಿಕೊಳ್ಳಬೇಕು. (ಮಾರುವವರು ತಾವಾಗಿ ಹೇಳುವುದಿಲ್ಲ. ಗಂಡಿನ ಕಡೆಯವರು ಕುಡಿತದ ವಿಷಯ ಹೇಳುತ್ತಾರೆಯೇ?) ತಪ್ಪಿದ ಗಳಿಗೆಯನ್ನು ಹಿಡಿದು ನಿಲ್ಲಿಸಿ ತೋರಿಸುವ ಸೌಲಭ್ಯ ಬೇಕೇಬೇಕು. ಕಾಯಿಲ್, ಇಂಜೆಕ್ಟರ್ ಒದೆಯುವಾಗ ಹನ್ನೆರಡು ವೋಲ್ಟಿನ ಗಾಡಿಯಲ್ಲೂ ನೂರಾರು ವೋಲ್ಟ್ ಬರುತ್ತದೆ, ಅದನ್ನು ತಗ್ಗಿಸುವ ಪ್ರೋಬ್ ಎಂಬ ಚುಚ್ಚುಕಡ್ಡಿ ಇಲ್ಲದೆ ಚುಚ್ಚಿದರೆ ಸ್ಕೋಪ್ ಅಲ್ಲಿಗೇ ಶಿವಾಯ ನಮಃ.

ನಾನು ಅದನ್ನು ಹಿಡಿದು ಸೀದಾ ರಸ್ತೆಗಿಳಿದೆ. ಮಧ್ಯಾಹ್ನದ ಬಿಸಿಲಲ್ಲಿ ಸ್ಕ್ರೀನ್ ಕಾಣುತ್ತದೋ ನೋಡಬೇಕಲ್ಲ. ಇಲ್ಯಾಸ್ ನಕ್ಕ, "ಇಷ್ಟು ವರ್ಷದಲ್ಲಿ ಇದನ್ನು ಬಿಸಿಲಿಗೆ ಹಿಡಿದು ಕೊಂಡವ ನೀನೊಬ್ಬನೇ." ನಾವು ತೆಂಗಿನಕಾಯಿಯನ್ನೇ ಅಲುಗಾಡಿಸದೆ ಕೊಳ್ಳುವವರಲ್ಲ. (ಬ್ರಾಂಡ್ ಯಾವುದೆಂದು ಕೇಳಬೇಡಿ. ಪುಕ್ಕಟೆ ಜಾಹೀರಾತು ಕೊಡಲು ನಾನೇನು ಅವರ ಮನೆ ಅಳಿಯನೇ?)

ಮಾರನೇ ದಿನ ಬೆಳಿಗ್ಗೆ ಗಿರಿಜಕ್ಕನ ಗಾಡಿ ನನ್ನ ಅಂಗಡಿಯಲ್ಲಿ. ಒಂದು ಪ್ರೋಬನ್ನು ಸೆನ್ಸಾರ್ ಬುಡದಲ್ಲಿ ಚುಚ್ಚಿದೆ. ಇನ್ನೊಂದನ್ನು ಸೆನ್ಸಾರಿನ ವೈರ್ ಸೇರುವ ಕನೆಕ್ಟರ್ ದಾಟಿದ ಮೇಲೆ, ಇಸಿಎಮ್ ಬಾಗಿಲಲ್ಲಿ. ಇಂಜಿನ್ ಚಾಲೂ ಬಿಟ್ಟು ಕೂತೆ. ಗಿರಿಜಕ್ಕ ರಸ್ತೆಯಾಚೆ ಚಾದಂಗಡಿಯಲ್ಲಿ ನಿಂತು ಶಿರಸಿಗೆ ಫೋನಿನಲ್ಲಿ ಸಮಜಾಯಿಷಿ ಕೊಡುತ್ತಿದ್ದಳು.

ಅರ್ಧ ಗಂಟೆ ಎರಡೂ ಗೆರೆಗಳು ಅವಳಿಜವಳಿಯ ಹಾಗೆ ಓಡಿದವು. ಇಂಜಿನ್ ಚೆನ್ನಾಗಿ ಕಾದ ಮೇಲೆ ಒಂದು ಸಲ ಕೆಮ್ಮಿತು. ಸ್ಕ್ರೀನ್ ಹಿಡಿದು ನಿಲ್ಲಿಸಿತು. ಮೇಲಿನ ಗೆರೆ ಸರಿಯಾಗಿತ್ತು. ಕೆಳಗಿನದು ಒಂದೆಡೆ ಚಪ್ಪಟೆ, ಹಲಗೆಯ ಹಾಗೆ.

ಎಂದರೆ ಸೆನ್ಸಾರ್ ಸುದ್ದಿ ಕೊಡುತ್ತಿದೆ, ಇಸಿಎಮ್‌ಗೆ ಮುಟ್ಟುತ್ತಿಲ್ಲ. ನಡುವೆ ಇರುವುದು ಕನೆಕ್ಟರ್ ಒಂದೇ.

ಬಿಚ್ಚಿದೆ. ಒಳಗೆ ಹಲಸಿನ ಮೇಣದ ಹಾಗೆ ಕಂದು ಅಂಟು. ಮೂಗಿಗೆ ಹಿಡಿದೆ.

ಮೀನೆಣ್ಣೆ.

ನಾನು ದೋಣಿಯ ಮನೆಯಲ್ಲಿ ಹುಟ್ಟಿದವ. ನಮ್ಮಲ್ಲಿ ವರ್ಷಕ್ಕೊಮ್ಮೆ ದೋಣಿಗೆ ಮೀನೆಣ್ಣೆ ಬಳಿಯುತ್ತಾರೆ, ಮರ ಹಾಳಾಗದಿರಲೆಂದು. ಅದೇ ಬುದ್ಧಿಯಲ್ಲಿ, ಮಳೆಗಾಲಕ್ಕೆ ಮೊದಲು ಬರುವ ಗಾಡಿಗಳ ತಳಕ್ಕೆಲ್ಲ ಮೀನೆಣ್ಣೆ ಬಳಿಯುವುದು ನನ್ನ ಅಂಗಡಿಯ ಸ್ಪೆಷಲ್. ಈ ವರ್ಷ ಇನ್ನೂ ಪ್ರೀತಿ ಉಕ್ಕಿ, ಉಪ್ಪುಗಾಳಿ ತಾಗದಿರಲಿ ಎಂದು ಕನೆಕ್ಟರುಗಳ ಒಳಕ್ಕೂ ಒಂದೊಂದು ಹನಿ ಬಿಟ್ಟಿದ್ದೆ. ದೋಣಿಯ ಮೇಲೆ ಅದು ಒಣಗಿ ವಾರ್ನಿಶ್ ಆಗುತ್ತದೆ, ಅದೇ ಅದರ ಗುಣ. ಇಂಜಿನ್ ಪಕ್ಕದ ಕನೆಕ್ಟರಿನಲ್ಲೂ ಅದೇ ಗುಣ ತೋರಿಸಿದೆ. ವಾರ್ನಿಶಿನಲ್ಲಿ ಕರೆಂಟ್ ಹರಿಯುತ್ತದೆಯೇ? ಅದೇ ಕನೆಕ್ಟರಿಗೆ ಹೊಸ ಸೆನ್ಸಾರ್ ಸಿಕ್ಕಿಸಿದವನೂ ನಾನೇ.

ಗಿರಿಜಕ್ಕ ಇನ್ನೂ ರಸ್ತೆಯಾಚೆಯೇ ಇದ್ದಳು. ನಿಜ ಹೇಳುತ್ತೇನೆ, ಇಲಿಯ ಮೇಲೆ ಹಾಕುವ ಮನಸ್ಸಾಯಿತು. ಇಲಿ ವೈರ್ ಕಡಿದಿತ್ತು ಎಂದರೆ ಯಾರೂ ಇಲಿಯನ್ನು ಕರೆದು ಕೇಳುವುದಿಲ್ಲ. ಪಿನ್ನುಗಳನ್ನು ಬ್ರಷ್ ಹಾಕಿ ತಿಕ್ಕಿ ತೊಳೆದೆ. ಮತ್ತೆ ಸಿಕ್ಕಿಸಿದೆ. ಗಂಟೆ ಕಳೆದರೂ ಗೆರೆ ಒಮ್ಮೆಯೂ ತಪ್ಪಲಿಲ್ಲ. ಅಷ್ಟರಲ್ಲಿ ಅವಳು ಬಂದು, ಎಂತ ಆಗಿತ್ತು ಎಂದಳು.

ಬಾಯಿಗೆ ಬಂದ ಇಲಿಯನ್ನು ನುಂಗಿದೆ. "ನಾನೇ ಮಾಡಿದ್ದು ಅಕ್ಕ" ಎಂದೆ. ಎಣ್ಣೆಯ ಕಥೆ ಪೂರ್ತಿ ಹೇಳಿದೆ, ಸ್ಕ್ರೀನಿನಲ್ಲಿ ಹಿಡಿದಿಟ್ಟಿದ್ದ ಚಪ್ಪಟೆ ಗೆರೆಯನ್ನೂ ತೋರಿಸಿದೆ.

ಅವಳು ಗೆರೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಮೂರು ಸಲ ಆ ಹೋಟೆಲಿನವ್ರ ಹತ್ರ ನನ್ನ ಗಾಡಿದೇ ತಪ್ಪು ಅಂತ ಹೇಳ್ದೆ. ನಿನ್ನ ಹೆಸರು ತೆಗೀಲಿಲ್ಲ. ಈಗ ನೀನೇ ಹೇಳು." ನಂಬರ್ ಒತ್ತಿ ಫೋನನ್ನು ನನ್ನ ಕಿವಿಗಿಟ್ಟಳು.

ಮುಖ ನೋಡದ ಮನುಷ್ಯನ ಎದುರು, ಹೆಂಡತಿಯ ಎದುರೂ ಹೇಳದ ಮಾತು ಹೇಳಿದೆ. ಗಾಡಿಯದ್ದಲ್ಲ, ಅವಳದ್ದೂ ಅಲ್ಲ, ತಪ್ಪು ಮೆಕ್ಯಾನಿಕ್ಕಿನದು, ಆ ಮೆಕ್ಯಾನಿಕ್ ನಾನು. ಆತ, ನಾಳೆ ಹತ್ತರೊಳಗೆ ಮೀನು ಬಂದರೆ ನೋಡುವಾ ಎಂದ. ಮರುದಿನ ಒಂಬತ್ತೂವರೆಗೆ ಗಿರಿಜಕ್ಕನ ಫೋನ್. "ಮುಟ್ಟಿದೆ. ನಾಳೆಗೂ ಹೇಳಿದ್ರು." ಅಷ್ಟೇ. ಕಟ್.

ಈ ಮಳೆಗಾಲಕ್ಕೆ ಮೊದಲು ನನ್ನಲ್ಲಿ ಎಣ್ಣೆ ಬಳಿಸಿಕೊಂಡವರು ಶಿರಾಲಿಯಿಂದ ಕಾಗಾಲದವರೆಗೂ ಇದ್ದೀರಿ. ಗಾಡಿ ತನ್ನಿ. ಕನೆಕ್ಟರುಗಳನ್ನು ಪುಕ್ಕಟೆ ತೊಳೆದುಕೊಡುತ್ತೇನೆ. ಬೈಯುವುದಿದ್ದರೆ ಬೈದೇ ಹೋಗಿ, ಅದೂ ಪುಕ್ಕಟೆ.

ಅಂದ ಹಾಗೆ, ಸ್ಕೋಪಿಗೆ ಒಂದು ವರ್ಷ ವಾರಂಟಿ ಇದೆ. ಮೆಕ್ಯಾನಿಕ್ಕಿನ ಮಾತಿಗೆ ಎಷ್ಟು ದಿನದ್ದೆಂದು ನೀವು ಯಾವತ್ತಾದರೂ ಕೇಳಿದ್ದೀರಾ?