ಹೊಟ್ಟೆ ಮುಚ್ಚದ ಕೌದಿ

ನಮ್ಮಲ್ಲಿ ಕೌದಿಯನ್ನು ಅಂಚಿನಿಂದ ಹೊಲಿಯುತ್ತ ಬರುತ್ತಾರೆ. ಒಂದು ಮೂಲೆಯಿಂದ ಹೊರಟ ಹೊಲಿಗೆ ನಾಲ್ಕೂ ಬದಿ ಸುತ್ತುತ್ತ, ಒಳಗೊಳಗೆ ಸರಿಯುತ್ತ, ಕೊನೆಗೆ ನಡುವೆ ಬಂದು ನಿಲ್ಲುತ್ತದೆ. ಆ ಜಾಗಕ್ಕೆ ಹೊಟ್ಟೆ ಎನ್ನುತ್ತಾರೆ. ಅದನ್ನು ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡಬೇಕು. ಇನ್ನೊಬ್ಬರನ್ನು ಬೆಚ್ಚಗಿಡುವ ಕೌದಿ ತಾನು ಹಸಿದಿರಬಾರದು ಎಂದು ಅವ್ವ ಹೇಳುತ್ತಿದ್ದಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಖಾನಾಪುರದ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೆ. ಮನೆಯಲ್ಲಿ ಇದ್ದವರು ಅವ್ವ ಮತ್ತು ನಾನು. ಅಕ್ಕನನ್ನು ಬೆಳಗಾವಿಯ ಶಹಾಪುರಕ್ಕೆ, ಮಗ್ಗವಿದ್ದ ಮನೆಗೆ ಕೊಟ್ಟಿದ್ದೆವು. ಮೊದಲ ಹೆರಿಗೆಗೆ ತವರಿಗೆ ಬಂದಾಗ ಅವಳು ಒಂದು ಗಂಟು ತಂದಳು. ಅದರ ತುಂಬ ಮಗ್ಗದಲ್ಲಿ ಉಳಿದ ತುಂಡುಗಳು, ಅಂಚು ಕೆಟ್ಟ ಸೀರೆಯ ಚೂರುಗಳು. ಬಾಣಂತಿ ಮತ್ತು ಕೂಸು ಇಬ್ಬರೂ ಹೊದೆಯುವಷ್ಟು ದೊಡ್ಡ ಕೌದಿ ಅವಳಿಗೆ ಬೇಕಾಗಿತ್ತು.

ಅವ್ವನಿಗೆ ಗೊತ್ತಿದ್ದದ್ದು ಚೌಕ ತುಂಡುಗಳ ಕೌದಿ. ಅಕ್ಕನ ಮನಸ್ಸಿನಲ್ಲಿ ಬೇರೆ ಇತ್ತು. ಗಂಡನ ಜೊತೆ ಸೀರೆ ತೋರಿಸಲು ಬೆಳಗಾವಿಯ ದಂಡಿನ ಕ್ಯಾಂಪಿಗೆ ಹೋದಾಗ, ಒಂದು ಹಳೆಯ ಬಂಗಲೆಯ ಮಂಚದ ಮೇಲೆ ಅವಳು ಒಂದು ಹೊದಿಕೆ ನೋಡಿದ್ದಳು. ಅದರ ನಡುವೆ ಎಂಟು ಮೂಲೆಯ ದೊಡ್ಡ ನಕ್ಷತ್ರ. ಅದನ್ನು ನೆನಪಿನಿಂದಲೇ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದಳು. ಓರೆ ಚೌಕದ, ಶಂಕರಪಾಳಿಯ ಆಕಾರದ ತುಂಡುಗಳು ಬೇಕಿದ್ದವು. ಬೂಟಿನ ಡಬ್ಬಿಯ ರಟ್ಟಿನಲ್ಲಿ ಅಳತೆ ಕತ್ತರಿಸಿ ಕೊಟ್ಟೆ.

ಆ ನಕ್ಷತ್ರ ಅವಳ ಕೈಗೆ ಬಗ್ಗಲಿಲ್ಲ. ಓರೆಯಾಗಿ ಕತ್ತರಿಸಿದ ಬಟ್ಟೆ ಮುಟ್ಟಿದರೆ ಸಾಕು, ಹಿಗ್ಗುತ್ತಿತ್ತು. ಅದರ ಜೊತೆಗೆ ಅಂಚಿನಿಂದ ಒಳಗೆ ಬರುವ ನಮ್ಮ ಹೊಲಿಗೆ, ಎಲ್ಲೆಲ್ಲಿಯ ಸಡಿಲವನ್ನೂ ನಡುವಿಗೆ ತಳ್ಳಿಕೊಂಡು ಬರುತ್ತಿತ್ತು. ಕೊನೆಯ ಸುತ್ತುಗಳ ಹೊತ್ತಿಗೆ ನಕ್ಷತ್ರದ ಮಧ್ಯೆ ಬಟ್ಟೆ ಗೋಪುರದಂತೆ ಎದ್ದು ನಿಲ್ಲುತ್ತಿತ್ತು. ಅಂಗೈಯಿಂದ ಒತ್ತಿದರೆ ಕೂರುತ್ತಿತ್ತು, ಕೈ ತೆಗೆದರೆ ಮತ್ತೆ ಏಳುತ್ತಿತ್ತು.

ಅಕ್ಕ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿದ್ದಳು. ಸಿಟ್ಟು ಬಂದಾಗ ಎದ್ದು ಹಿತ್ತಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದು ಬರುತ್ತಿದ್ದಳು. ಬಂದು ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಸೂಜಿ ಹಿಡಿಯುತ್ತಿದ್ದಳು. ನಡುವಿನ ನಕ್ಷತ್ರ ಬಿಟ್ಟು ಚೌಕ ಹಚ್ಚು ಎಂದು ಅವ್ವ ಹೇಳಿ ಹೇಳಿ ಸುಮ್ಮನಾದಳು. ಬಾಜು ಮನೆಯ ಮಾವಶಿ, ಮರಾಠಿ ಮಂದಿ, ಹೊಸ್ತಿಲಲ್ಲಿ ಕುಳಿತು ಅದನ್ನು ನೋಡಿ ನಕ್ಕಳು.

"ನಿಂದೂ ಅದರದೂ ಹೊಟ್ಟಿ ಕೂಡೇ ಬರಾಕತ್ತಾವ ನೋಡ ಬಾಳಾ. ಯಾವುದು ಮೊದಲ ಇಳಿತೈತೋ ಏನೋ."

ಅವ್ವನೂ ನಕ್ಕಳು. ನಾನೂ ನಕ್ಕೆ. ಅಕ್ಕ ದಾರಕ್ಕೆ ಗಂಟು ಹಾಕುತ್ತಿದ್ದಳು.

ಹೆರಿಗೆಗೆ ಇನ್ನೂ ದಿನಗಳಿದ್ದವು. ಒಂದು ಮುಂಜಾನೆ ನಾನು ಶಾಲೆಗೆ ಹೊರಟಿದ್ದಾಗ ಅಕ್ಕ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತಿದ್ದಳು. ಸೂಜಿ ಕೈಯಲ್ಲಿತ್ತು, ಹೊಲಿಯುತ್ತಿರಲಿಲ್ಲ. ತಲೆ ಎತ್ತದೆ ಹೇಳಿದಳು:

"ಅವ್ವಾ, ಕೂಸು ನಿನ್ನಿಯಿಂದ ಮಿಸುಕವಲ್ದು."

ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಅವಳ ಹೊಟ್ಟೆಯ ಮೇಲೆ ಕೈ ಇಟ್ಟಳು. ಇಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. ನಾನು ಅವ್ವನ ಮುಖ ನೋಡುತ್ತಿದ್ದೆ. ನನಗೆ ಗೊತ್ತಾಗಿದ್ದು ಅಲ್ಲಿಯೇ. ಬೆಳಗಾವಿಯ ದವಾಖಾನೆಯಲ್ಲಿ ಅಲ್ಲ. ದವಾಖಾನೆಯಲ್ಲಿ ಆದದ್ದು ಇಷ್ಟು: ಅಕ್ಕ ಎಲ್ಲರಂತೆ ನೋವು ತಿಂದಳು, ಎಲ್ಲರಂತೆ ಹೆತ್ತಳು, ಕೂಸು ಅಳಲಿಲ್ಲ. ಹೆಣ್ಣು ಎಂದು ನರ್ಸು ತಾವಾಗಿಯೇ ಹೇಳಿದರು.

ಮನೆಗೆ ಕರೆತಂದಾಗ ಕೌದಿ ಟ್ರಂಕಿನ ಮೇಲೆ ಇತ್ತು, ಮಡಿಚಿದರೂ ನಡುವಿನ ಉಬ್ಬು ಕಾಣುತ್ತಿತ್ತು. ಅವಳು ಅದನ್ನು ಕೆಳಗಿಳಿಸಿಕೊಂಡು ಕುಳಿತಳು. ಆಮೇಲಿನ ದಿನಗಳಲ್ಲಿ ನಾನು ಶಾಲೆಗೆ ಹೋಗುವಾಗಲೂ ಬರುವಾಗಲೂ ಅವಳು ಕುಳಿತಿದ್ದದ್ದು ಅದೇ ಜಾಗದಲ್ಲಿ. ಹೊಲಿಯುವುದು, ಒತ್ತಿ ನೋಡುವುದು, ಬಿಚ್ಚುವುದು. ಬಿಚ್ಚಿ ಬಿಚ್ಚಿ ಬಟ್ಟೆಯ ಅಂಚು ಎಳೆ ಎಳೆಯಾಗಿತ್ತು. ತಾಟು ಮುಂದಿಟ್ಟರೆ ಪಕ್ಕಕ್ಕೆ ಸರಿಸುತ್ತಿದ್ದಳು. ಅವ್ವ ಕಲಸಿ ತುತ್ತು ಬಾಯಿಗೆ ಹಿಡಿದರೆ ಬಾಯಿ ತೆರೆಯುತ್ತಿದ್ದಳು, ನುಂಗುತ್ತಿರಲಿಲ್ಲ. ಆಮೇಲೆ ಹಿತ್ತಲಿಗೆ ಹೋಗಿ ಉಗುಳಿ ಬರುತ್ತಿದ್ದಳು. ರವಿಕೆಯ ತೋಳು ದಿನದಿನಕ್ಕೆ ಸಡಿಲವಾಗುತ್ತಿತ್ತು. ಮಾವಶಿ ನಮ್ಮ ಹೊಸ್ತಿಲಿಗೆ ಬರುವುದನ್ನು ಬಿಟ್ಟಿದ್ದಳು. ಬೇಯಿಸಿದ ಗಂಜಿಯನ್ನು ಹಿಂಬಾಗಿಲಲ್ಲಿ ಅವ್ವನ ಕೈಗೆ ಕೊಟ್ಟು ಹೋಗುತ್ತಿದ್ದಳು.

ಒಂದು ರವಿವಾರ ರೈಲಿಗೆ ಭಾವ ಬಂದರು. ಪಡಸಾಲೆಯಲ್ಲಿ ಕುಳಿತು, ಆರಿಹೋದ ಚಹಾ ಕುಡಿದರು. ಹೊರಡುವಾಗ ಅಂಗಳದಲ್ಲಿ ನಿಂತು, ಆ ಕೌದಿ ಎತ್ತಿ ಎಲ್ಲಾದರೂ ಇಟ್ಟುಬಿಡ್ರಿ, ಅದರಿಂದಲೇ ಅವಳು ಹೀಗಾಗುತ್ತಿದ್ದಾಳೆ ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಅವ್ವನಿಗೆ ಹೇಳಿದೆ.

"ಕಸಗೊಂಡು ಆಕಿ ಕೈಯಾಗ ಏನ ಕೊಡ್ತಿ?" ಎಂದಳು ಅವ್ವ.

ನಾನು ಕೌದಿಯನ್ನು ಮುಟ್ಟಲಿಲ್ಲ.

ಅದಾದ ಕೆಲವು ದಿನಕ್ಕೆ ನಾನು ಮನೆಗೆ ಬಂದಾಗ ನೆಲದ ತುಂಬ ದಾರವಿತ್ತು. ಅಕ್ಕ ಇಡೀ ಕೌದಿಯನ್ನು ಬಿಚ್ಚಿದ್ದಳು, ಅಂಚಿನ ಹೊಲಿಗೆಯನ್ನೂ ಬಿಟ್ಟಿರಲಿಲ್ಲ. ನಕ್ಷತ್ರದ ಎಂಟು ತುದಿ ಕೂಡುವ ಕಡೆ ಬಟ್ಟೆಯನ್ನು ಒಂದಿಷ್ಟು ಒಳಗೆ ಹಿಡಿದು ಹೊಲಿದು, ಹಳೆ ಸೀರೆಯ ಮಡಿಕೆಗಳ ಮೇಲೆ ಹರಡಿ, ಸರಿಯಾಗಿ ನಡುವೆ ಸೂಜಿ ಚುಚ್ಚಿದಳು. ಅಲ್ಲಿಂದ ಹೊರಗೆ ಹೊಲಿಯತೊಡಗಿದಳು. ನಮ್ಮ ಮನೆಯಲ್ಲಿ ಯಾರೂ ಹಾಗೆ ಹೊಲಿದವರಲ್ಲ. ಅವ್ವ ಬಾಗಿಲಲ್ಲಿ ನಿಂತಳು.

"ಹೊಟ್ಟ್ಯಾಗ ಏನೂ ಇಡಲಿಲ್ಲಲ್ಲ ಯವ್ವಾ."

"ಖಾಲಿನ ಇರ್ಲಿ."

ಸುತ್ತು ದೊಡ್ಡದಾದಂತೆ ಸಡಿಲವೆಲ್ಲ ಅಂಚಿಗೆ ಹೋಯಿತು. ಅಂಚು ಸೊಟ್ಟಗಾಯಿತು, ಅದನ್ನು ಕತ್ತರಿಯಿಂದ ನೇರ ಮಾಡಿದಳು. ನಕ್ಷತ್ರ ನೆಲಕ್ಕೆ ಅಂಟಿದಂತೆ ಮಲಗಿತು. ಅದನ್ನು ನೋಡಿ ಅವಳಿಗೆ ಸಂತೋಷವಾದದ್ದನ್ನು ನಾನು ಕಾಣಲಿಲ್ಲ. ಅಂಗೈಯಿಂದ ಒಮ್ಮೆ ಸವರಿದಳು, ಏನೂ ಏಳಲಿಲ್ಲ, ಮುಂದೆ ಹೊಲಿದಳು.

ಕೊನೆಗೆ ಒಂದು ಮೂಲೆಯಲ್ಲಿ ಎರಡು ಬೆರಳಿನಷ್ಟು ಬಾಯಿ ಉಳಿಯಿತು. ಅಕ್ಕ ದಾರ ಪೋಣಿಸಲು ಕಿಟಕಿಯ ಬೆಳಕಿಗೆ ತಿರುಗಿದಾಗ, ಅವ್ವ ಬುಟ್ಟಿಯಿಂದ ಜೋಳದ ರೊಟ್ಟಿಯ ಒಂದು ಚೂರು ಮುರಿದು ತಂದು ಆ ಸಂದಿನಲ್ಲಿ ಸೇರಿಸಿದಳು. ಸೇರಿಸಿ ಏನೂ ಮಾಡದವಳಂತೆ ಗೋಡೆಗೆ ಒರಗಿ ಕುಳಿತಳು.

ಅಕ್ಕ ತಿರುಗಿ ಬಂದು ಮೂಲೆ ಹಿಡಿದಳು. ಬೆರಳಿಗೆ ಸಿಕ್ಕಿತು. ಹೊರಗೆ ತೆಗೆದು ನೋಡಿದಳು. ಅವ್ವ ಅಕ್ಕನನ್ನು ನೋಡುತ್ತಿರಲಿಲ್ಲ, ತನ್ನ ಕಾಲಬೆರಳನ್ನು ನೋಡುತ್ತಿದ್ದಳು. ಅಕ್ಕ ಆ ಚೂರನ್ನು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಹಿತ್ತಲಿಗೆ ಎದ್ದು ಹೋಗುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳ ಗಂಟಲು ಅಲುಗಿತು. ಆಮೇಲೆ ಖಾಲಿ ಮೂಲೆಯನ್ನು ಹೊಲಿದು, ಗಂಟು ಹಾಕಿ, ದಾರ ಕಚ್ಚಿದಳು.

"ಒಣಗೇತಿ ಅವ್ವಾ," ಎಂದಳು.

ಅವ್ವ ಎದ್ದು ಒಳಗೆ ಹೋದಳು. ಪರಾತದಲ್ಲಿ ಹಿಟ್ಟು ಸುರಿಯುವ ಸದ್ದು ಕೇಳಿಸಿತು.